ಎರೆಮಣ್ಣಿನ ಜೋಡೆತ್ತು

ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಅದೇ ಎತ್ತು ಮಣ್ಣಿನ ರೂಪ ತಾಳಿ ಮನೆಯ ದೇವರ ಜಗಲಿ ಏರುತ್ತದೆ. ಜ್ಯೇಷ್ಠ ಮಾಸದ ಆ ಅಮಾವಾಸ್ಯೆಗೆ ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಎಂದೇ ಹೆಸರು. ರೋಣ, ನರಗುಂದ, ಗಜೇಂದ್ರಗಡದ ಪೇಟೆಗಳಲ್ಲಿ ಆಗ ಬುಟ್ಟಿ ಇಟ್ಟುಕೊಂಡು ಕುಳಿತವರ ಮುಂದೆ ಎರಡು ಬಗೆಯ ಎತ್ತು ಕಾಣುತ್ತವೆ. ಒಂದು, ಕುಂಬಾರರ ಮನೆಯವರು ಕೈಯಲ್ಲೇ ತಿದ್ದಿದ ಕಪ್ಪು ಎತ್ತು. ಒಂದರ ಕೋಡು ಇನ್ನೊಂದರ ಕೋಡನ್ನು ಹೋಲುವುದಿಲ್ಲ. ಇನ್ನೊಂದು, ಅಚ್ಚಿನಲ್ಲಿ ಒತ್ತಿ ತೆಗೆದು ಬಣ್ಣ ಬಳಿದದ್ದು. ನೂರು ಎತ್ತಿಗೂ ಒಂದೇ ಮುಖ. ಮೂರನೆಯ ಬಗೆಯೊಂದಿದೆ, ಅದು ಪೇಟೆಯಲ್ಲಿ ಸಿಗುವುದಿಲ್ಲ. ಅಜ್ಜನ ಎದುರು ಕುಕ್ಕರಗಾಲಲ್ಲಿ ಕುಳಿತ ಮೊಮ್ಮಗಳು ಮೊಣಕೈವರೆಗೂ ಕೆಸರು ಮಾಡಿಕೊಂಡು ತಯಾರಿಸಿದ ಎತ್ತು ಅದು. ಒಮ್ಮೆ ಎತ್ತಿನಂತೆ, ಒಮ್ಮೆ ಆಡಿನಂತೆ, ಒಮ್ಮೊಮ್ಮೆ ಆಲೂಗಡ್ಡೆಗೆ ಕಾಲು ಬಂದಂತೆ ಕಾಣುತ್ತದೆ. ಈ ಬರಹ ಆ ಮೂರನೆಯ ಎತ್ತಿನ ಬಗ್ಗೆ.

ಶಾಲೆಯಿಂದ ‘ನಾಳೆ ಕ್ರಾಫ್ಟ್ ಮಾಡಿಕೊಂಡು ಬನ್ನಿ’ ಎಂದು ಹೇಳಿ ಕಳಿಸಿದರೆ ಭಾನುವಾರ ಸಂಜೆ ಅಂಗಡಿಗೆ ಓಡುವವರು ಹೆಚ್ಚಾಗಿ ಅಜ್ಜಂದಿರೇ. ಥರ್ಮಾಕೋಲ್, ಬಣ್ಣದ ಹಾಳೆ, ಅಂಟು, ಮಿಂಚಿನ ಪುಡಿ ಎಲ್ಲ ಬರುತ್ತದೆ. ಅಪ್ಪ ಕತ್ತರಿಸುತ್ತಾನೆ, ಅವ್ವ ಅಂಟಿಸುತ್ತಾಳೆ, ಮಗು ಪಕ್ಕದಲ್ಲಿ ನಿದ್ದೆ ಹೋಗಿರುತ್ತದೆ. ಮರುದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಯಾರಿಗೆ ಎಂಬುದನ್ನು ಕೇಳುವ ಹಾಗಿಲ್ಲ!

ನಮ್ಮ ಭಾಗದಲ್ಲಿ ಮಕ್ಕಳ ಕೈಕೆಲಸಕ್ಕೆ ಬೇರೆ ಪಂಚಾಂಗವೇ ಇದೆ. ವರ್ಷಕ್ಕೆ ಐದು ಮಣ್ಣಿನ ಪೂಜೆ ಎಂದು ಹಿರಿಯರು ಬೆರಳು ಮಡಚಿ ಎಣಿಸುತ್ತಾರೆ: ಮಣ್ಣೆತ್ತು, ಆಷಾಢದ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ್ಪ, ಅವನ ಬೆನ್ನಿಗೇ ಬರುವ ಜೋಕುಮಾರ. ಮುಂಗಾರಿನ ಮೊದಲ ಮಳೆಗೆ ನೆಲ ಮೆತ್ತಗಾಗುವ ಹೊತ್ತಿಗೆ ಶುರುವಾಗಿ, ಹಿಂಗಾರಿ ಬಿತ್ತನೆಗೆ ಹೊಲ ಅಣಿಯಾಗುವ ಹೊತ್ತಿಗೆ ಇವು ಮುಗಿಯುತ್ತವೆ. 2018ರಲ್ಲಿ ಗಜೇಂದ್ರಗಡ ರೋಣದಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಈ ಪಂಚಾಂಗ ಮಾತ್ರ ಪಾಲಾಗಲಿಲ್ಲ. ಎರಡೂ ಕಡೆ ಅದೇ ಅಮಾವಾಸ್ಯೆ, ಅದೇ ಎತ್ತು.

ಮೊದಲು ಮಣ್ಣು

ಎತ್ತು ಮಾಡುವುದು ಎರಡು ತಾಸಿನ ಕೆಲಸ. ಮಣ್ಣು ಹದ ಮಾಡುವುದು ಎರಡು ದಿನದ್ದು. ಮಕ್ಕಳಿಗೆ ನಿಜವಾದ ಮಜಾ ಇರುವುದೂ ಅದರಲ್ಲೇ.

ನರಗುಂದ, ರೋಣದ ಬಯಲೆಲ್ಲ ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬ್ಯಾಸಿಗೆಯಲ್ಲಿ ಎರೆಹೊಲ ಬಿರಿದಾಗ ಆ ಬಿರುಕಿನೊಳಗೆ ಮಗುವಿನ ಕೈ ಸಲೀಸಾಗಿ ಇಳಿಯುತ್ತದೆ. ಹೊಲ ಬಿರಿಯುವ ಕಾರಣಕ್ಕೇ ಎತ್ತೂ ಬಿರಿಯುತ್ತದೆ. ಬರೀ ಎರೆಮಣ್ಣಿನಿಂದ ಎತ್ತು ಮಾಡಿ ಬಿಸಿಲಿಗಿಟ್ಟರೆ ಸಂಜೆಯೊಳಗೆ ಬೆನ್ನಿನ ಮೇಲೊಂದು ಗೆರೆ, ಮರುದಿನ ಕಾಲು ಒಂದು ಕಡೆ, ಎತ್ತು ಒಂದು ಕಡೆ. ಮಗು ಅಳುತ್ತದೆ. ‘ಇದು ನಮಗೆ ಬರೂದಿಲ್ಲ ಬಿಡು, ಪ್ಯಾಟ್ಯಾಗ ತರೋಣು’ ಎಂಬ ಮಾತು ಹುಟ್ಟುವುದು ಬಹಳ ಮನೆಗಳಲ್ಲಿ ಈ ಹಂತದಲ್ಲೇ.

ಉಪಾಯ ದೂರವಿಲ್ಲ. ಗಜೇಂದ್ರಗಡದ ಗುಡ್ಡದ ಕಡೆ ಹೋದರೆ ಮಣ್ಣು ಕೆಂಪಗಾಗುತ್ತದೆ. ಅದು ಮಸಾರಿ. ಅದರಲ್ಲಿ ಮರಳಿನ ಅಂಶ ಹೆಚ್ಚು, ಕುಗ್ಗುವುದು ಕಡಿಮೆ. ನಾಲ್ಕು ಪಾಲು ಎರೆಗೆ ಒಂದು ಪಾಲು ಮಸಾರಿಯನ್ನೋ ಸಣ್ಣಗೆ ಸಾಣಿಸಿದ ಮರಳನ್ನೋ ಬೆರೆಸಿದರೆ ಬಿರುಕು ತಗ್ಗುತ್ತದೆ. ಹತ್ತಿ ಬೆಳೆಯುವ ನಾಡಿನವರು ನಾವು. ಒಂದು ಹಿಡಿ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಕಲಸಿದರೆ ಮಣ್ಣನ್ನು ಒಳಗಿನಿಂದ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಗಣಪತಿ ಮಾಡುವವರೂ ಅರಳೆ ಸೇರಿಸುವುದುಂಟು. ಹಳೆಯ ಮಣ್ಣಿನ ಗೋಡೆಗೆ ಹೊಟ್ಟು ಬೆರೆಸುತ್ತಿದ್ದುದೂ ಇದಕ್ಕಾಗಿಯೇ.

ಇಲ್ಲೊಂದು ಸಣ್ಣ ಪ್ರಯೋಗ ಮಕ್ಕಳಿಂದ ಮಾಡಿಸಿ. ಎರೆಮಣ್ಣಿನ ಎರಡು ಹೆಂಟೆ ತೆಗೆದುಕೊಳ್ಳಿ. ಒಂದನ್ನು ಬಿಸಿಲಲ್ಲಿ ಗಟ್ಟಿಯಾಗಿ ಒಣಗಿಸಿ, ಇನ್ನೊಂದನ್ನು ಹಸಿಯಾಗಿಯೇ ಇಡಿ. ಎರಡನ್ನೂ ಬೇರೆ ಬೇರೆ ಡಬರಿಯ ನೀರಿಗೆ ಹಾಕಿ. ಯಾವುದು ಬೇಗ ಕರಗುತ್ತದೆ? ಹಸಿಯದ್ದು ಎಂದೇ ಎಲ್ಲರೂ ಹೇಳುತ್ತಾರೆ. ಆಗುವುದು ತಿರುಗಾಮುರುಗಾ. ಒಣಗಿದ ಹೆಂಟೆ ಗುಳುಗುಳು ಗುಳ್ಳೆ ಬಿಟ್ಟು ನೋಡುನೋಡುತ್ತಿದ್ದಂತೆ ಕುಸಿಯುತ್ತದೆ. ಹಸಿಯದ್ದು ಬಹಳ ಹೊತ್ತು ಹಾಗೇ ಕುಳಿತಿರುತ್ತದೆ. ಒಣಮಣ್ಣಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರು ಒಳನುಗ್ಗಿ ಆ ಗಾಳಿಯನ್ನು ಹೊರತಳ್ಳುವಾಗ ಹೆಂಟೆ ಒಡೆಯುತ್ತದೆ. ಹಸಿಮಣ್ಣಿನ ಸಂದು ಮೊದಲೇ ನೀರಿನಿಂದ ತುಂಬಿರುವುದರಿಂದ ನೂಕಾಟವೇ ಇಲ್ಲ. ಆದ್ದರಿಂದ ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ, ಕುಟ್ಟಿ, ಸಾಣಿಸಿ, ಆಮೇಲೆ ನೆನೆಹಾಕಬೇಕು. ರಾತ್ರಿ ನೆನೆದ ಮಣ್ಣಿನ ಮೇಲಿನ ತಿಳಿನೀರು ಚೆಲ್ಲಿ, ಉಳಿದ ರಾಡಿಯನ್ನು ಹಳೆಯ ಗೋಣಿಚೀಲದ ಮೇಲೆ ಹರವಿದರೆ ಮಧ್ಯಾಹ್ನದೊಳಗೆ ರೊಟ್ಟಿ ಹಿಟ್ಟಿನ ಹದಕ್ಕೆ ಬರುತ್ತದೆ.

ಹದ ನೋಡುವುದನ್ನು ಅಜ್ಜಿಯೇ ಹೇಳಿಕೊಡಲಿ, ರೊಟ್ಟಿ ತಟ್ಟಿದ ಕೈ ಅದು. ಕಿರುಬೆರಳ ಗಾತ್ರಕ್ಕೆ ಮಣ್ಣನ್ನು ಹೊಸೆದು ತೋರುಬೆರಳಿಗೆ ಸುತ್ತಿ ನೋಡಬೇಕು. ಸೀಳಿದರೆ ನೀರು ಸಾಲದು. ಕೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ, ಸ್ವಲ್ಪ ಬೂದಿ ಬೇಕು. ಉಂಗುರದಂತೆ ಸುಮ್ಮನೆ ಕುಳಿತರೆ ಎತ್ತಿಗೆ ತಯಾರು.

ಮಣ್ಣು ತರುವ ಜಾಗದ ಬಗ್ಗೆ ಮಾತ್ರ ಎಚ್ಚರ. ರಸ್ತೆ ಬದಿಯ ಗಟಾರದ ಹತ್ತಿರ, ಕಸ ಸುರಿಯುವ ಕಡೆ, ಈಚೆಗೆ ಔಷಧಿ ಹೊಡೆದ ಹೊಲದಲ್ಲಿ ತೆಗೆಯಬೇಡಿ. ಗಾಜಿನ ಚೂರು, ಜಾಲಿಮುಳ್ಳು ಇದ್ದರೆ ಸಾಣಿಸುವಾಗ ದೊಡ್ಡವರ ಕಣ್ಣಿಗೆ ಬೀಳಬೇಕು, ಮಕ್ಕಳ ಕೈಗಲ್ಲ.

ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಬಣ್ಣಬಣ್ಣದ ಹಿಟ್ಟು ‘ಪ್ಲೇ-ಡೋ’ ಗೊತ್ತಲ್ಲ ಮಕ್ಕಳೇ? ಅದು ಮೊದಲು ಆಟಿಕೆಯಾಗಿರಲೇ ಇಲ್ಲ. ಅಮೆರಿಕದಲ್ಲಿ ಕಲ್ಲಿದ್ದಲ ಒಲೆಯ ಮಸಿ ಹಿಡಿದ ಗೋಡೆಯ ಕಾಗದ ಒರೆಸಲು ಮಾಡಿದ ಹಿಟ್ಟು ಅದು. ಒಲೆಗಳು ಬದಲಾದವು, ಮಸಿ ಹೋಯಿತು, ಹಿಟ್ಟು ಕೊಳ್ಳುವವರಿಲ್ಲದಾಯಿತು. ಶಿಶುವಿಹಾರದ ಶಿಕ್ಷಕಿಯೊಬ್ಬರು ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಅದೇ ಹಿಟ್ಟು ಆಟಿಕೆಯಾಗಿ ಅಂಗಡಿಗೆ ಬಂತು. ನಮ್ಮ ಎರೆಮಣ್ಣಿಗೆ ಡಬ್ಬಿಯೂ ಇಲ್ಲ, ಜಾಹೀರಾತೂ ಇಲ್ಲ. ಆದರೆ ಅದು ಒಣಗಿ ಹಾಳಾದರೆ ಬಿಸಾಡಬೇಕಿಲ್ಲ, ನೀರು ಹಾಕಿದರೆ ಮತ್ತೆ ಮಣ್ಣೇ.

ಎತ್ತು ಕಂಡ ಕೈ

ಮೂರು-ನಾಲ್ಕು ವರ್ಷದ ಕೂಸಿಗೆ ಒಂದು ಬೊಗಸೆ ಮಣ್ಣು ಕೊಟ್ಟು ಸುಮ್ಮನಿದ್ದುಬಿಡಿ. ಅದು ತಟ್ಟುತ್ತದೆ, ತೂತು ಮಾಡುತ್ತದೆ, ಉಂಡೆ ಮಾಡಿ ‘ಇದು ಎತ್ತು’ ಎನ್ನುತ್ತದೆ. ಎತ್ತೇ ಎಂದು ಒಪ್ಪಿಕೊಳ್ಳಿ. ತಿದ್ದುವ ಕೈ ಬಹಳ ಬೇಗ ಚಾಚುವ ಅಜ್ಜಂದಿರಿಗೆ ಈ ಮಾತು.

ಆರೇಳು ವರ್ಷದವರಿಗೆ ಕುಳಿತ ಎತ್ತು ಸುಲಭ. ಕಾಲು ಮುರಿಯುವ ಭಯವಿಲ್ಲ. ಸೂಡಿಗೆ ಹೋಗಿ, ಕಾಲಕಾಲೇಶ್ವರಕ್ಕೆ ಹೋಗಿ, ಹತ್ತಿರದ ಯಾವ ಶಿವನ ಗುಡಿಗಾದರೂ ಹೋಗಿ. ಕಲ್ಲಿನ ಬಸವಣ್ಣ ಕಾಲು ಹೇಗೆ ಮಡಚಿದ್ದಾನೆಂದು ಸುತ್ತು ಹಾಕಿ ನೋಡಲಿ. ಮುಂಗಾಲು ಒಳಕ್ಕೋ ಹೊರಕ್ಕೋ? ಬಾಲ ಯಾವ ಕಡೆ? ಇಷ್ಟು ಕಣ್ಣಲ್ಲಿ ತುಂಬಿಕೊಂಡು ಬಂದ ಮಗು ಮನೆಯಲ್ಲಿ ಮಣ್ಣು ಹಿಡಿದರೆ ಅದರ ಎತ್ತು ಬೇರೆಯೇ ಆಗುತ್ತದೆ.

ಅದಕ್ಕಿಂತ ದೊಡ್ಡವರು ನಿಂತ ಎತ್ತು ಮಾಡಬಹುದು. ಮೈಗೆ ಒಂದು ಉದ್ದುಂಡೆ. ಅದರಿಂದಲೇ ನಾಲ್ಕು ಕಾಲನ್ನು ಹಿಂಡಿ ಎಳೆಯಬೇಕು, ಬೇರೆ ಮಾಡಿ ಚುಚ್ಚಬಾರದು. ಕಾಲು ಗಿಡ್ಡವಾಗಿ, ದಪ್ಪವಾಗಿ ಇರಲಿ. ಚೆಲುವಿಗಿಂತ ನಿಲ್ಲುವುದು ಮುಖ್ಯ. ಕುತ್ತಿಗೆ, ತಲೆ ಸೇರಿಸುವ ಕಡೆ ಎರಡೂ ಬದಿಗೆ ಕಡ್ಡಿಯಿಂದ ಅಡ್ಡಡ್ಡ ಗೀರು ಹಾಕಿ, ತೆಳ್ಳನೆ ರಾಡಿ ಹಚ್ಚಿ ಒತ್ತಬೇಕು. ನುಣುಪು ಮೈಗೆ ನುಣುಪು ಮೈ ಅಂಟಿಸಿದರೆ ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಮೂಗುದಾರಕ್ಕೆ ಹಸಿಯಿದ್ದಾಗಲೇ ಕಡ್ಡಿಯಿಂದ ತೂತು ಮಾಡಬೇಕು. ಒಣಗಿಸುವುದು ನೆರಳಲ್ಲಿ, ಮೂರು-ನಾಲ್ಕು ದಿನ. ಮೊದಲ ದಿನ ಮೇಲೊಂದು ಒದ್ದೆಬಟ್ಟೆ ಸಡಿಲವಾಗಿ ಹೊದಿಸಿದರೆ ಕೋಡು ಮೊದಲೇ ಒಣಗಿ ಉದುರುವುದು ತಪ್ಪುತ್ತದೆ.

ಇಷ್ಟನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಅಜ್ಜನೊಬ್ಬನೇ ಹೇಳಿಕೊಡಬಲ್ಲ ಸಂಗತಿ ಬೇರೆ ಇದೆ.

ಮಕ್ಕಳು ಮಾಡಿದ ಎತ್ತುಗಳನ್ನು ಸಾಲಾಗಿ ಇಟ್ಟು ನೋಡಿ. ಬಹಳಷ್ಟಕ್ಕೆ ಇಣಿ ಇರುವುದಿಲ್ಲ. ಇಣಿ ಎಂದರೆ ಭುಜದ ಮೇಲಿನ ಡುಬ್ಬ. ಇದ್ದರೂ ಒಂಟೆಯ ಹಾಗೆ ಬೆನ್ನಿನ ನಡುವೆ ಕುಳಿತಿರುತ್ತದೆ. ಕುತ್ತಿಗೆಯ ಕೆಳಗೆ ಜೋತಾಡುವ ಗಂಗೆದೊಗಲು ಇರುವುದೇ ಇಲ್ಲ. ಕೋಡು ಕಿವಿಯ ಕೆಳಗೆ ಹುಟ್ಟಿರುತ್ತದೆ. ಇದು ಮಕ್ಕಳ ದಡ್ಡತನವಲ್ಲ. ಅವರು ಎತ್ತನ್ನು ಹತ್ತಿರದಿಂದ ಕಂಡಿಲ್ಲ. ಹಟ್ಟಿ ಇದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ನಿಂತಿದೆ, ಬಿತ್ತುವುದಕ್ಕೂ ಅದೇ, ಹರಗುವುದಕ್ಕೂ ಅದೇ. ಅದನ್ನು ದೂರಿ ಫಲವಿಲ್ಲ. ಜೋಡೆತ್ತು ಸಾಕುವ ಖರ್ಚು, ಮೇವು, ಆಳು ಯಾವುದೂ ಈಗ ಸುಲಭವಲ್ಲ. ಆದರೆ ಅದರ ಇನ್ನೊಂದು ಪರಿಣಾಮ ಈ ಮಣ್ಣಿನಲ್ಲಿ ಕಾಣುತ್ತದೆ.

ನೊಗ ಕೂರುವುದು ಇಣಿಯ ಮುಂದೆ. ಇಣಿ ಎಲ್ಲಿದೆ ಎಂದು ಅಜ್ಜನಿಗೆ ಗೊತ್ತಿರುವುದು ಪುಸ್ತಕದಿಂದಲ್ಲ, ಬೆಳಗಿನ ಕತ್ತಲಲ್ಲಿ ಕೈ ತಡವಿ ನೊಗ ಹೂಡಿದ್ದರಿಂದ. ಎಡಗೋಲಿನ ಎತ್ತು ಯಾವುದು, ಬಲಗೋಲಿನದು ಯಾವುದು, ಯಾವುದು ಸಾಧು, ಯಾವುದು ಒದೆಯುತ್ತಿತ್ತು ಎಂದು ಅವನು ಈಗಲೂ ಹೇಳಬಲ್ಲ. ಕಿಲಾರಿ ಎತ್ತಿನ ಉದ್ದ ಕೋಡು ಹಿಂದಕ್ಕೆ ಬಾಗಿ ಮೇಲಕ್ಕೇಳುತ್ತದೆ. ಕೃಷ್ಣಾ ಕಣಿವೆ ತಳಿಯದು ಗಿಡ್ಡ ಕೋಡು, ಗಟ್ಟಿ ಮೈ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಸೀಮೆಯ ಎರೆಹೊಲದಲ್ಲಿ ಭಾರದ ನೇಗಿಲು ಎಳೆಯಲೆಂದೇ ಬೆಳೆಸಿದ ತಳಿ ಅದು, ಈಗ ಬಲು ಅಪರೂಪ. ಇವೆರಡನ್ನೂ ಕಣ್ಣುಮುಚ್ಚಿ ತಡವಿ ಹೇಳಬಲ್ಲ ಕೈಗಳು ನಮ್ಮ ಮನೆಗಳ ಕಟ್ಟೆಯ ಮೇಲೆ ಇನ್ನೂ ಕುಳಿತಿವೆ. ಆ ಕೈ ಮಣ್ಣು ಮುಟ್ಟಿ ‘ಇಲ್ಲಿ ನೋಡು ತಂಗಿ, ಇಣಿ ಇಲ್ಲಿರತೈತಿ, ಯಾಕಂದ್ರ ನೊಗ ಇಲ್ಲಿ ಕೂಡಬೇಕಲ್ಲ’ ಎಂದು ಒಮ್ಮೆ ತೋರಿಸಿದರೆ ಸಾಕು, ಮಗುವಿಗೆ ಎತ್ತು ತಿಳಿಯುತ್ತದೆ. ತೋರಿಸದೇ ಹೋದರೆ ಮುಂದಿನವರು ಎತ್ತನ್ನು ನೋಡಿ ಎತ್ತು ಮಾಡುವುದಿಲ್ಲ. ಅಚ್ಚಿನ ಎತ್ತನ್ನು ನೋಡಿ ಎತ್ತು ಮಾಡುತ್ತಾರೆ.

ಮೊಮ್ಮಗ ‘ನಾ ಟ್ರ್ಯಾಕ್ಟರ್ ಮಾಡ್ತೀನಿ ಅಜ್ಜಾ’ ಎಂದರೆ ಬೇಡವೆನ್ನಬೇಡಿ. ಅವನು ಕಣ್ಣಾರೆ ಕಂಡದ್ದು ಅದನ್ನೇ. ಗಾಲಿಯ ಹಲ್ಲು ಎಷ್ಟು, ಹಿಂದಿನ ಗಾಲಿ ಯಾಕೆ ದೊಡ್ಡದು ಎಂದು ಅವನನ್ನೇ ಕೇಳಿ. ಅಷ್ಟರಲ್ಲಿ ಎತ್ತಿನ ಮಾತೂ ಬರುತ್ತದೆ.

ಈ ಆಟ ಹೊಸದಲ್ಲ. ಸಿಂಧೂ ಬಯಲಿನ ಹರಪ್ಪ, ಮೊಹೆಂಜೊದಾರೊ ಅಗೆದಾಗ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಸುಟ್ಟಮಣ್ಣಿನ ಎತ್ತುಗಳು, ಪುಟ್ಟ ಬಂಡಿಗಳು ಸಿಕ್ಕಿವೆ. ತಲೆ ಬೇರೆ ಮಾಡಿ ದಾರ ಪೋಣಿಸಿ, ಎಳೆದರೆ ತಲೆ ಆಡಿಸುವಂತೆ ಮಾಡಿದ ಎತ್ತೂ ಅವುಗಳಲ್ಲಿದೆ. ಇಣಿ ಇರಬೇಕಾದಲ್ಲೇ ಇದೆ! ನೆರೆಯ ಮಹಾರಾಷ್ಟ್ರದ ವಿದರ್ಭದಲ್ಲಿ ಎತ್ತಿನ ಹಬ್ಬವಾದ ಪೋಳದ ಮರುದಿನ ಮಕ್ಕಳಿಗಾಗಿಯೇ ‘ತಾನ್ಹಾ ಪೋಳ’ ಉಂಟು. ಅಲ್ಲಿಯ ಮಕ್ಕಳು ಗಾಲಿ ಇರುವ ಮರದ ಎತ್ತುಗಳನ್ನು ಸಿಂಗರಿಸಿ ಎಳೆದುಕೊಂಡು ಮನೆಮನೆಗೆ ಹೋಗುತ್ತಾರೆ.

ಜೂಲ, ಗ್ವಾದಲಿ, ಕುಂಟೆತ್ತು

ಎತ್ತು ಯಾವಾಗಲೂ ಜೋಡಿ. ಮುಂದೊಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಅದರಲ್ಲಿ ನಾಲ್ಕು ಕಾಳು ಜೋಳ. ಕೋಡಿನ ತುದಿಗೆ, ಕಣ್ಣಿಗೆ ಕುಸುಬಿ ಕಾಳು, ಜೋಳದ ಕಾಳು ಒತ್ತುತ್ತಾರೆ. ಕೋಡಣಸಿಗೆ ಬಣ್ಣದ ಚೀಟಿ ಸುತ್ತಬಹುದು.

ಬೆನ್ನ ಮೇಲಿನ ಜೂಲ ಅಜ್ಜಿಯ ಪಾಲಿನ ಕೆಲಸ. ಕೌದಿ ಹೊಲಿದ ಮನೆಯಲ್ಲಿ ಹಳೆಯ ಸೀರೆಯ ತುಂಡಿಗೇನೂ ಬರವಿಲ್ಲ. ಅಂಗೈಯಗಲದ ಎರಡು ತುಂಡು ಒಂದರ ಮೇಲೊಂದು ಇಟ್ಟು, ದಪ್ಪ ಸೂಜಿಗೆ ದಾರ ಪೋಣಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಓಟದ ಹೊಲಿಗೆ ಹಾಕುತ್ತ ಹೋದರೆ ಅದೇ ಪುಟ್ಟ ಕೌದಿ, ಅದೇ ಎತ್ತಿನ ಜೂಲ. ಎಂಟು ವರ್ಷದ ಮಗು ಒಂದು ಸಂಜೆಯಲ್ಲಿ ಮುಗಿಸುತ್ತದೆ. ಹೊಲಿಗೆ ಹುಡುಗಿಯರಿಗೆ, ಎತ್ತು ಹುಡುಗರಿಗೆ ಎಂದು ಹಂಚಬೇಡಿ, ಇಬ್ಬರಿಗೂ ಎರಡೂ ಬರಲಿ. ಗಜೇಂದ್ರಗಡದಲ್ಲಿ ಕೈಮಗ್ಗವಿರುವ ಮನೆ ಗೊತ್ತಿದ್ದರೆ ಉಳಿದ ನೂಲಿನ ತುಂಡು ಕೇಳಿ ತನ್ನಿ. ಗೊಂಡೆ ಕಟ್ಟಲು ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ.

ಬಣ್ಣ ಬೇಕೆಂದರೆ ಅರಿಸಿನ, ಕೆಮ್ಮಣ್ಣು, ಒಲೆಯ ಮಸಿ ಸಾಕು. ಸುಣ್ಣವನ್ನು ಸಣ್ಣವರ ಕೈಗೆ ಕೊಡಬೇಡಿ, ಕಣ್ಣಿಗೆ ಹಾರಿದರೆ ಸುಡುತ್ತದೆ.

ಅಮಾವಾಸ್ಯೆಯಂದು ಪೂಜೆ, ಹೋಳಿಗೆ ಎಲ್ಲ ಆಗುತ್ತದೆ. ಮಕ್ಕಳ ಹಬ್ಬ ಮರುದಿನದ್ದು. ಒಂದು ಎತ್ತಿನ ಕಾಲು ಮುರಿದು, ಅದನ್ನು ತಾಟಿನಲ್ಲೋ ಹಲಗೆಯ ಮೇಲೋ ಇಟ್ಟುಕೊಂಡು, ಕುಂಟೆತ್ತು ಬಂದಿದೆ ಜೋಳ ನೀಡಿ ಎಂದು ಹಾಡುತ್ತ ಮನೆಮನೆ ತಿರುಗುವ ರೂಢಿ ನಮ್ಮ ಕಡೆಯದು. ಬಂದ ಕಾಳು-ಕಾಸು ಸೇರಿಸಿ ಚುರುಮುರಿ ಕೊಂಡು ಹಂಚಿ ತಿನ್ನುತ್ತಾರೆ. ನನಗೆ ಈ ರೂಢಿಯ ಮೇಲೆ ವಿಶೇಷ ಪ್ರೀತಿ. ಒಣಗುವಾಗ ಕಾಲು ಮುರಿದುಹೋದ ಎತ್ತಿಗೂ ಹಬ್ಬದಲ್ಲಿ ಒಂದು ಜಾಗ ಇಟ್ಟವರು ಯಾರೋ, ಮಕ್ಕಳ ಮನಸ್ಸು ಚೆನ್ನಾಗಿ ಬಲ್ಲವರೇ ಇರಬೇಕು. ನಿಮ್ಮ ಮನೆಯಲ್ಲಿ ಮುರಿದ ಎತ್ತಿಗಾಗಿ ಅಳುವವರಿದ್ದರೆ ಈ ಸುದ್ದಿ ಹೇಳಿ.

ಗುಳ್ಳವ್ವ ಬಂದಳು

ಆಷಾಢದ ಮಂಗಳವಾರಗಳು ಗುಳ್ಳವ್ವನವು. ಗುಳಕವ್ವ ಎಂದೂ ಕರೆಯುವುದುಂಟು. ಇದು ಪೂರ್ತಿ ಹುಡುಗಿಯರ ರಾಜ್ಯ. ಮಣ್ಣು ತರುವುದು, ಗೊಂಬೆ ಮಾಡುವುದು, ಸಿಂಗರಿಸುವುದು, ಸಂಜೆ ಓಣಿಯವರೆಲ್ಲ ಕೂಡಿ ಹಾಡುವುದು, ಎಲ್ಲದಕ್ಕೂ ಅವರೇ ಯಜಮಾನ್ತಿಯರು. ಕೊನೆಯ ಮಂಗಳವಾರ ಬುತ್ತಿ ಕಟ್ಟಿಕೊಂಡು ಊರ ಹೊರಗಿನ ತೋಟಕ್ಕೋ ಹಳ್ಳದ ದಂಡೆಗೋ ಹೋಗಿ ಗುಳ್ಳವ್ವನನ್ನು ಕಳಿಸಿ, ಒಟ್ಟಿಗೆ ಉಂಡು ಬರುವುದು.

ಕೈಕೆಲಸವಾಗಿ ನೋಡಿದರೆ ಗುಳ್ಳವ್ವ ಎತ್ತಿಗಿಂತ ಸುಲಭ, ಸಿಂಗಾರದಲ್ಲಿ ಹೆಚ್ಚು. ಕೆಳಗೆ ಅಗಲ, ಮೇಲೆ ಚೂಪು, ಗೋಪುರದಂಥ ಮೈ. ನಿಲ್ಲಿಸುವ ಚಿಂತೆಯಿಲ್ಲ, ಮುರಿಯುವ ಕಾಲಿಲ್ಲ. ಸಾಲಾಗಿ ಕುಸುಬಿ ಕಾಳು ಒತ್ತಿದರೆ ಬಿಳಿ ಮುತ್ತಿನ ಸರ, ಜೋಳದ ಕಾಳು ಒತ್ತಿದರೆ ಇನ್ನೊಂದು ಸರ. ಐದು ವರ್ಷದ ಮಗುವೂ ಒಂದು ಬಿಟ್ಟು ಒಂದು, ಎರಡು ಬಿಟ್ಟು ಒಂದು ಎಂದು ಎಣಿಸುತ್ತ ಒತ್ತುತ್ತದೆ. ಲೆಕ್ಕ ಕಲಿಸಿದ್ದೇವೆಂದು ನೀವು ಹೇಳಬೇಕಾಗಿಲ್ಲ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಗುಳ್ಳವ್ವನಿಗೆ ಗುಲಗಂಜಿ ಒತ್ತುವುದು ಹಳೆಯ ರೂಢಿ. ಕೆಂಪು ಮೈ, ಕಪ್ಪು ಕಣ್ಣು, ನೋಡಲು ಬಹು ಚೆಂದ. ಆದರೆ ಅದರ ಒಳಗಿನದು ಕಡುವಿಷ. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಹೊರಬೀಳುತ್ತದೆ. ಅಗಿದರೆ, ಅಥವಾ ಸೂಜಿಯಿಂದ ತೂತು ಮಾಡಿದ ಕಾಳು ಹೊಟ್ಟೆಗೆ ಹೋದರೆ ಒಂದೆರಡು ಕಾಳೂ ಮಗುವಿನ ಜೀವಕ್ಕೆ ಅಪಾಯ. ಕಾಳು ಬಾಯಿಗೆ ಹೋದ ಸಂಶಯವಿದ್ದರೂ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ಗುಲಗಂಜಿ ಬೇಡವೇ ಬೇಡ. ಕುಸುಬಿ, ಜೋಳ, ತೊಗರಿ, ಹೆಸರು, ನಮ್ಮ ಮನೆಯ ಡಬ್ಬಿಗಳಲ್ಲಿ ಬಣ್ಣಕ್ಕೇನು ಕಡಿಮೆ? ಎರಡು-ಮೂರು ವರ್ಷದವರು ಕಾಳನ್ನು ಮೂಗಿಗೆ ತುರುಕಿಕೊಳ್ಳದಂತೆ ಅಲ್ಲಿಯೂ ಒಂದು ಕಣ್ಣಿಡಿ.

ನಾಗಪ್ಪನನ್ನು ಶಾವಿಗೆ ಹೊಸೆದಂತೆ ಹೊಸೆದು ಸುತ್ತಿ ಹೆಡೆ ಎತ್ತಿಸಿದರಾಯಿತು. ಗಣಪ್ಪನ ವಿಷಯ ಎಲ್ಲರಿಗೂ ಗೊತ್ತಿದೆ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಷ್ಕೃತ ಮಾರ್ಗಸೂಚಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡ ಎಂದಿತು. ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ ಚೌತಿಗೆ ಗೇಣುದ್ದದ ಗಣಪ್ಪ ಕಷ್ಟವಾಗದು. ಜೋಕುಮಾರನನ್ನು ಮಾಡುವವರು, ಬುಟ್ಟಿಯಲ್ಲಿ ಹೊತ್ತು ತರುವವರು ಬೇರೆಯೇ ಇದ್ದಾರೆ. ಅವನು ಮನೆ ಬಾಗಿಲಿಗೆ ಬಂದಾಗ ಅಗಲಗಣ್ಣು, ಬಾಯಿಗೆ ಹಚ್ಚಿದ ಬೆಣ್ಣೆ ಚೆನ್ನಾಗಿ ನೋಡಿಕೊಂಡು ಹಾಳೆಯ ಮೇಲೆ ಬರೆಯಲಿ.

ಮಣ್ಣು ಒಣಗಿದ ಮೇಲೆ

ದೀಪಾವಳಿಗೆ ಸಗಣಿಯ ಪಾಂಡವರು. ಪುಟ್ಟ ಪುಟ್ಟ ಗೊಂಬೆಗೆ ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ ಹೊಸ್ತಿಲ ಬಳಿ ಇಡುವುದು ಅಜ್ಜಿಯ ಜೊತೆ ಮಾಡುವ ಕೆಲಸ. ಗೌರಿಹುಣ್ಣಿಮೆಗೆ ಸಕ್ಕರೆಯ ಗೊಂಬೆಗಳ ಆರತಿ. ಅದನ್ನು ಮರದ ಅಚ್ಚಿನಲ್ಲಿ ಎರೆಯುತ್ತಾರೆ, ಕುದಿಯುವ ಪಾಕದ ಕೆಲಸ, ಮಕ್ಕಳು ದೂರದಿಂದ ನೋಡಿ ಹತ್ತಿರದಿಂದ ತಿಂದರೆ ಸಾಕು.

ಆಮೇಲೆ ಬರುವುದು ಜೋಳದ ದಂಟಿನ ಕಾಲ. ಹಿಂಗಾರಿ ಜೋಳ ಕೊಯ್ದು ಕಣಿಕೆ ಒಟ್ಟಿದಾಗ ಒಂದು ಹಿಡಿ ಒಣದಂಟು ಎತ್ತಿಡಿ. ದಂಟಿನ ಹೊರಸಿಪ್ಪೆಯನ್ನು ಉದ್ದುದ್ದ ಸಿಬಿರಾಗಿ ಸೀಳಿದರೆ ಒಳಗೆ ಹಗುರ ಬೆಂಡು ಉಳಿಯುತ್ತದೆ. ಬೆಂಡು ಇಟ್ಟಿಗೆ, ಸಿಬಿರು ಮೊಳೆ. ಸಿಬಿರನ್ನು ಬೆಂಡಿ‌ಗೆ ಚುಚ್ಚಿದರೆ ಅಲ್ಲೇ ಕಚ್ಚಿ ನಿಲ್ಲುತ್ತದೆ. ಅಂಟು ಬೇಡ, ದಾರ ಬೇಡ. ಚಕ್ಕಡಿ, ಅದರ ಗಾಲಿ, ನೊಗ, ಕನ್ನಡಕ, ತೊಟ್ಟಿಲು ಎಲ್ಲ ಇದರಲ್ಲೇ ಆಗುತ್ತವೆ. ಈಗಿನ ಅಜ್ಜಂದಿರಲ್ಲಿ ದಂಟಿನ ಕನ್ನಡಕ ಹಾಕಿಕೊಂಡು ಮಾಸ್ತರರ ಹಾಗೆ ನಡೆಯದವರು ಯಾರಿದ್ದಾರೆ? ಸೀಳುವ ಕೆಲಸ ಮಾತ್ರ ದೊಡ್ಡವರೇ ಮಾಡಬೇಕು, ಹಸನಾದ ಸಿಬಿರಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಮಣ್ಣೆತ್ತಿಗೆ ಹೂಡಲು ಚಕ್ಕಡಿ ಇಲ್ಲವಲ್ಲ ಎಂದು ಆಷಾಢದಲ್ಲಿ ಹಟ ಮಾಡಿದ ಮಗುವಿಗೆ ಸುಗ್ಗಿಯವರೆಗೆ ಕಾಯುವುದೂ ಇಲ್ಲಿ ಗೊತ್ತಾಗುತ್ತದೆ.

ಶಾಲೆಯವರಿಗೂ ಒಂದು ವಿನಂತಿ. ಜರ್ಮನಿಯ ಫ್ರೊಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದರು. ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಾಯಿತು. ಅವರ ಪದ್ಧತಿಯಲ್ಲಿ ಮಣ್ಣಿನ ಕೆಲಸವೂ ಒಂದು ಪಾಠ. ಸರಿಯಾಗಿ ನೂರು ವರ್ಷದ ಮೇಲೆ, 1937ರಲ್ಲಿ, ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಕಲಿಕೆ ಎಂಬ ಯೋಜನೆ ಮುಂದಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಾಖಲೆಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಊರಿನ ಕಸುಬುದಾರರ ಬಳಿ ಕಲಿಯಲಿ ಎನ್ನುತ್ತದೆ. ನೀತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಹತ್ತರಲ್ಲಿ ಎರಡು ದಿನವನ್ನು ಅಮಾವಾಸ್ಯೆಯ ಹಿಂದಿನ ವಾರಕ್ಕೆ ಇಟ್ಟು, ಮಕ್ಕಳನ್ನು ಊರಿನ ಕುಂಬಾರರ ಮನೆಗೆ ಕರೆದೊಯ್ದರೆ ಏನು ಅಡ್ಡಿ? ಅವರ ಆ ದಿನದ ದುಡಿಮೆಗೆ ತಕ್ಕ ಹಣ ಕೊಟ್ಟೇ ಕರೆದೊಯ್ಯಬೇಕು. ಸೀಜನ್ನಿನ ಹೊತ್ತಿನಲ್ಲಿ ಪುಕ್ಕಟೆ ಪಾಠ ಕೇಳುವುದು ನ್ಯಾಯವಲ್ಲ. ಬಹುಮಾನದ ಸ್ಪರ್ಧೆಯನ್ನಂತೂ ಮಾಡಲೇಬೇಡಿ. ಸ್ಪರ್ಧೆ ಎಂದ ಕೂಡಲೇ ಎತ್ತು ಅಪ್ಪ ಮಾಡುತ್ತಾನೆ.

ಹಬ್ಬ ಮುಗಿದ ಎತ್ತನ್ನು ಕೆರೆ, ಬಾವಿ, ಹಳ್ಳಕ್ಕೆ ಬಿಡುವುದು ರೂಢಿ. ಜೂಲ, ಬಣ್ಣದ ಚೀಟಿ, ನೂಲು ಬಿಚ್ಚಿಟ್ಟುಕೊಂಡರೆ ಮುಂದಿನ ವರ್ಷಕ್ಕಾಗುತ್ತದೆ. ನೀರಿಗೆ ಒಯ್ಯಲು ದೂರವಾದರೆ ಹಿತ್ತಲಲ್ಲಿ ಒಂದು ಮೂಲೆಗಿಟ್ಟು ಮಳೆಗೆ ಬಿಡಬಹುದು. ಮೊದಲು ಕಿವಿ ಕರಗುತ್ತದೆ, ಆಮೇಲೆ ಕೋಡು, ಕೊನೆಗೆ ಇಣಿ. ಮಕ್ಕಳು ದಿನಾ ಹೋಗಿ ನೋಡುತ್ತಿರಲಿ. ಕಣ್ಣಿಗೆಂದು ಒತ್ತಿದ ಜೋಳದ ಕಾಳು ಹುಳ ಹಿಡಿಯದ ಒಳ್ಳೆಯ ಬೀಜವಾಗಿದ್ದರೆ, ಮೂರು-ನಾಲ್ಕು ದಿನ ಮಣ್ಣಿನ ಹಸಿ ಆರದೆ ಇದ್ದರೆ, ಎತ್ತಿನ ಕಣ್ಣಿನಿಂದಲೇ ಹಸಿರು ಮೊಳಕೆ ಹೊರಬರುತ್ತದೆ.